ಹಿತ್ತಾಳೆಯನ್ನು ಕಾಯಿಸುವ ಎರಡು ಹದ: ಬಡಿಯುವ ನಡುವೆ ಮತ್ತು ಬಡಿದು ಮುಗಿದ ಮೇಲೆ

ತಣ್ಣಗಿರುವ ಹಿತ್ತಾಳೆಯನ್ನು ಸುತ್ತಿಗೆಯಿಂದ ಬಡಿಯುತ್ತ ಹೋದಂತೆ ಅದು ಗಟ್ಟಿಯಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಬಾಗುವುದನ್ನು ಬಿಟ್ಟು ಸೀಳುತ್ತದೆ. ಹೀಗೆ ಗಟ್ಟಿಯಾದ ಲೋಹವನ್ನು ತಕ್ಕ ಶಾಖಕ್ಕೆ ಕಾಯಿಸಿ ಮತ್ತೆ ಮೆದು ಮಾಡುವ ಕೆಲಸಕ್ಕೆ ವರ್ಕ್‌ಶಾಪುಗಳಲ್ಲಿ ಅನೀಲಿಂಗ್ ಎನ್ನುತ್ತಾರೆ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಕೊಂಡ ಹಳೆಯ ಕೊಡ, ತಂಬಿಗೆ, ಬೋಗುಣಿಗಳ ನೆಗ್ಗು ತೆಗೆದು ಮತ್ತೆ ಬಳಕೆಗೆ ತರಬೇಕೆನ್ನುವವರಿಗೂ, ತಗಡಿನಿಂದ ಹೊಸದಾಗಿ ಬಟ್ಟಲು, ಕಳಸ, ದೀಪದ ತಟ್ಟೆಗಳನ್ನು ಬಡಿದು ಮಾಡುವವರಿಗೂ ಈ ಕೆಲಸ ಗೊತ್ತಿರಲೇಬೇಕು.

ಹಿತ್ತಾಳೆಗೆ ಬೇಕಾದ ಕಾವು ಒಂದಲ್ಲ, ಎರಡು. ಬಡಿಯುವ ನಡುನಡುವೆ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಲೋಹವನ್ನು ಮೆದು ಮಾಡುವುದು ಮೊದಲನೆಯದು. ಆಕಾರ ಪೂರ್ತಿಯಾದ ಮೇಲೆ ಸುಮಾರು 250 ಡಿಗ್ರಿಯಲ್ಲಿ ಒಂದು ತಾಸು ಇಟ್ಟು, ಗಟ್ಟಿತನವನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಕೂತ ಬಿಗಿತವನ್ನಷ್ಟೇ ಸಡಿಲಿಸುವುದು ಎರಡನೆಯದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಹಲವರು ಅತಿಯಾಗಿ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ವಿರಳ. ಚೆನ್ನಾಗಿ ಬಡಿದ ಪಾತ್ರೆಯೊಂದು ಯಾರೂ ಮುಟ್ಟದೆ ಇದ್ದಲ್ಲೇ ಸೀಳು ಬಿಟ್ಟಿದ್ದರೆ, ಮೊದಲು ಸಂಶಯಪಡಬೇಕಾದದ್ದು ಈ ಎರಡನೆಯ ಕಾವು ತಪ್ಪಿದ್ದನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೋಹ ಯಾವುದೆಂದು ಮೊದಲು ತಿಳಿಯಬೇಕು

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ನೂರು ಪಾಲಿನಲ್ಲಿ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆ ತಣ್ಣಗಿರುವಾಗ ಅತ್ಯಂತ ಚೆನ್ನಾಗಿ ಎಳೆತ ಮತ್ತು ಬಡಿತವನ್ನು ತಾಳಿಕೊಳ್ಳುತ್ತದೆ. ಬಂದೂಕಿನ ಕಾಡತೂಸಿನ ಕವಚಕ್ಕೆ ಬಳಸುವುದೂ ಇದನ್ನೇ. ಅಂಗಡಿಗಳಲ್ಲಿ ಸಿಗುವ ತಗಡಿನಲ್ಲಿ 63ಕ್ಕೆ 37ರ ಪ್ರಮಾಣವೂ ಸಾಮಾನ್ಯ, ಅದೂ ಬಡಿಯಲು ಒಳ್ಳೆಯದೇ. ಸತುವಿನ ಪಾಲು 40ರ ಹತ್ತಿರ ಹೋದಾಗ ಲೋಹದ ಒಳರಚನೆ ಬದಲಾಗುತ್ತದೆ. ಅಂಥ ಹಿತ್ತಾಳೆ ತಣ್ಣಗೆ ಬಡಿಯುವುದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಎಚ್ಚರ ಬೇಕಾದದ್ದು ಸೀಸ ಬೆರೆತ ಹಿತ್ತಾಳೆಯ ವಿಷಯದಲ್ಲಿ. ಲೇತಿನಲ್ಲಿ ಸುಲಭವಾಗಿ ಕಡಿಯಲಿ ಎಂಬ ಕಾರಣಕ್ಕೆ ಸರಳುಗಳಲ್ಲಿ ಸುಮಾರು 3 ಪಾಲಿನವರೆಗೆ ಸೀಸ ಬೆರೆಸಿರುತ್ತಾರೆ, ಎರಕದ ಹಿಡಿಕೆ, ಮೂತಿ, ಕಾಲುಗಳಲ್ಲೂ ಸೀಸ ಇರುವುದುಂಟು. ಸೀಸವು ಹಿತ್ತಾಳೆಯಲ್ಲಿ ಕರಗಿ ಒಂದಾಗದೆ ಸಣ್ಣ ಹನಿಗಳಾಗಿ ಉಳಿಯುತ್ತದೆ ಮತ್ತು 327 ಡಿಗ್ರಿಯಲ್ಲೇ ಕರಗುತ್ತದೆ. ಹೀಗಾಗಿ ಇಂಥ ಭಾಗವನ್ನು ಕಾದಿರುವಾಗ ತಟ್ಟಿದರೆ ಅದು ಪುಡಿಯಾಗಿ ಉದುರಬಹುದು. ಹಳೆಯ ಪಾತ್ರೆಯ ಎರಕದ ಭಾಗಗಳಿಗೆ ಬೆಂಕಿ ತಾಗದಂತೆ ನೋಡಿಕೊಳ್ಳುವುದೇ ಜಾಣತನ.

ಕಂಚಿನ ಗಂಗಾಳ, ಗಂಟೆ, ತಾಳಗಳ ಮಾತೇ ಬೇರೆ. ಅವು ತಾಮ್ರ ಮತ್ತು ತವರದ ಮಿಶ್ರಣ. ತವರ ಹೆಚ್ಚಿರುವ ಕಂಚನ್ನು ಕೆಂಪಗೆ ಕಾದಿರುವಾಗಲೇ ಬಡಿಯಬೇಕು, ನೀರಿಗೆ ಅದ್ದಬೇಕು. ಈ ಬರಹದಲ್ಲಿ ಹೇಳುವ ಯಾವುದನ್ನೂ ಕಂಚಿಗೆ ಅನ್ವಯಿಸಬಾರದು.

ಕಾವಿನಿಂದ ಒಳಗೆ ಏನಾಗುತ್ತದೆ

ಹಿತ್ತಾಳೆಯ ತಗಡು ಕಣ್ಣಿಗೆ ಕಾಣದ ಸಣ್ಣ ಸಣ್ಣ ಹರಳುಗಳಿಂದ ಕೂಡಿದೆ. ಬಡಿದಾಗ ಈ ಹರಳುಗಳ ಒಳಗಿನ ಪರಮಾಣುಗಳ ಸಾಲುಗಳು ಜಾರುತ್ತವೆ, ಜಾರಿದ ಸಾಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಸಿಕ್ಕು ಹೆಚ್ಚಾದಷ್ಟೂ ಮುಂದಿನ ಜಾರುವಿಕೆ ಕಷ್ಟವಾಗುತ್ತದೆ. ಗಟ್ಟಿತನ ಎಂದು ನಾವು ಕರೆಯುವುದು ಇದನ್ನೇ. ಪೂರ್ತಿ ಮೆದುವಾದ ಹಿತ್ತಾಳೆಯ ಗಟ್ಟಿತನ ವಿಕರ್ಸ್ ಅಳತೆಯಲ್ಲಿ ಸುಮಾರು 65 ಇದ್ದರೆ, ಚೆನ್ನಾಗಿ ಬಡಿದು ಬಿಗಿಯಾದ ತಗಡಿನಲ್ಲಿ ಅದು 150ನ್ನೂ ಮೀರುತ್ತದೆ.

ಕಾವು 300 ಡಿಗ್ರಿಯ ಆಸುಪಾಸಿಗೆ ಬಂದಾಗ, ಬಹಳ ಬಡಿಸಿಕೊಂಡ ಹಿತ್ತಾಳೆಯಲ್ಲಿ ಹಳೆಯ ಸಿಕ್ಕು ಬಿದ್ದ ಹರಳುಗಳ ಜಾಗದಲ್ಲಿ ಹೊಸ, ನಿರಾಳವಾದ ಹರಳುಗಳು ಹುಟ್ಟತೊಡಗುತ್ತವೆ. 450 ಡಿಗ್ರಿಯ ಮೇಲೆ ಈ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಕಾಯಿಸಿದರೆ, ಅಥವಾ ಅದೇ ಕಾವಿನಲ್ಲಿ ಬಹಳ ಹೊತ್ತು ಇಟ್ಟರೆ, ಹೊಸ ಹರಳುಗಳು ಒಂದನ್ನೊಂದು ನುಂಗುತ್ತ ದೊಡ್ಡದಾಗುತ್ತ ಹೋಗುತ್ತವೆ. ಹರಳು ದೊಡ್ಡದಾದ ತಗಡು ಮೆದುವಾಗಿರುತ್ತದೆ ನಿಜ, ಆದರೆ ಬಾಗಿಸಿದಾಗ ಅದರ ಮೈ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗುತ್ತದೆ, ಎಷ್ಟು ಉಜ್ಜಿದರೂ ನುಣುಪು ಬರುವುದಿಲ್ಲ, ತೆಳುವಾದ ಜಾಗದಲ್ಲಿ ಬೇಗ ಹರಿಯುತ್ತದೆ. ಹೀಗೆ ಕೆಟ್ಟ ತಗಡನ್ನು ಇನ್ನೊಮ್ಮೆ ಕಾಯಿಸಿ ಸರಿಪಡಿಸಲಾಗದು. ಮತ್ತೆ ಚೆನ್ನಾಗಿ ಬಡಿದು, ಆಮೇಲೆ ಹದವಾಗಿ ಕಾಯಿಸಿದರೆ ಮಾತ್ರ ಹರಳು ಸಣ್ಣದಾಗುತ್ತದೆ, ಆಕಾರ ಬಂದ ಪಾತ್ರೆಗೆ ಅಷ್ಟು ಬಡಿತ ಕೊಡುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ.

ಇದರೊಂದಿಗೆ ಸೇರಿದ, ಅನುಭವಿಗಳಿಗೂ ಒಮ್ಮೊಮ್ಮೆ ತಪ್ಪಿಹೋಗುವ ಇನ್ನೊಂದು ಸಂಗತಿಯಿದೆ. ತುಸುವೇ ಬಡಿದು, ಆ ಕೂಡಲೇ ಹೆಚ್ಚು ಕಾಯಿಸಿದರೆ ಹರಳುಗಳು ಬಹಳ ದೊಡ್ಡದಾಗಿ ಬೆಳೆಯುತ್ತವೆ. ಬಡಿತ ಕಡಿಮೆಯಿದ್ದಾಗ ಹೊಸ ಹರಳು ಹುಟ್ಟುವ ಜಾಗಗಳು ಕೆಲವೇ ಇರುತ್ತವೆ, ಹುಟ್ಟಿದ ಕೆಲವೇ ಹರಳುಗಳು ಇಡೀ ಜಾಗವನ್ನು ಆಕ್ರಮಿಸುತ್ತವೆ. ಆದ್ದರಿಂದ ಭಯಕ್ಕೆ ಬಿದ್ದು ಹತ್ತು ಏಟಿಗೊಮ್ಮೆ ಕಾಯಿಸುವುದು ಒಳ್ಳೆಯದಲ್ಲ. ಒಂದು ಸುತ್ತು ಪೂರ್ತಿಯಾಗಿ, ತಗಡಿನ ಎಲ್ಲ ಭಾಗಕ್ಕೂ ಸಮನಾಗಿ ಬಡಿತ ಬಿದ್ದ ಮೇಲೆಯೇ ಒಲೆಯ ಕಡೆ ಹೋಗಬೇಕು. ಯಾವಾಗ ಹೋಗಬೇಕೆಂಬುದನ್ನು ಕಿವಿ ಹೇಳುತ್ತದೆ: ಮೆದು ಹಿತ್ತಾಳೆಯ ಮೇಲೆ ಸುತ್ತಿಗೆ ಬಿದ್ದರೆ ಮಂದವಾದ ಸದ್ದು, ಗಟ್ಟಿಯಾದಂತೆಲ್ಲ ಠಣಠಣ ಎನ್ನುವ ತೀಕ್ಷ್ಣ ಸದ್ದು, ಜೊತೆಗೆ ಸುತ್ತಿಗೆ ಪುಟಿದು ಕೈಗೆ ಮರಳತೊಡಗುತ್ತದೆ. ಈ ಎರಡೂ ಕಂಡಾಗ ಇನ್ನೊಂದು ಏಟನ್ನೂ ಹಾಕದೆ ನಿಲ್ಲಿಸಬೇಕು.

ಕಾಯಿಸುವ ಮೊದಲಿನ ತಯಾರಿ

ಹಳೆಯ ಪಾತ್ರೆಯಾದರೆ ಒಳಗಿನ ಕಲಾಯಿಯನ್ನು ಪೂರ್ತಿ ತೆಗೆಯದೆ ಬೆಂಕಿಗೆ ಹಿಡಿಯಲೇಬಾರದು. ಕಲಾಯಿ ಎಂದರೆ ತವರ. ಅದು 232 ಡಿಗ್ರಿಯಲ್ಲಿ ಕರಗಿ, 500 ಡಿಗ್ರಿ ತಲುಪುವಷ್ಟರಲ್ಲಿ ಹಿತ್ತಾಳೆಯೊಳಗೆ ಇಳಿದು, ಪೆಡಸಾದ ಪದರವೊಂದನ್ನು ಕಟ್ಟುತ್ತದೆ. ಮೆದು ಮಾಡಲು ಹೋದ ಲೋಹ ಆ ಪದರದಿಂದಲೇ ಬಿರುಕು ಬಿಡುತ್ತದೆ. ಪಾತ್ರೆಯನ್ನು ಕಲಾಯಿ ಕರಗುವಷ್ಟು ಮಾತ್ರ ಬಿಸಿ ಮಾಡಿ ಒಣ ಅರಳೆಯಿಂದ ಒರೆಸಿ ತೆಗೆಯಬೇಕು, ಉಳಿದದ್ದನ್ನು ಎಮರಿ ಕಾಗದದಿಂದ ಹಳದಿ ಮೈ ಕಾಣುವವರೆಗೆ ಉಜ್ಜಬೇಕು. ಹಿಂದೆ ಯಾರೋ ತೂತಿಗೆ ಹಾಕಿದ ಸೀಸ ತವರದ ಬೆಸುಗೆಯಿದ್ದರೆ ಇನ್ನೂ ಎಚ್ಚರ. ಅದರ ಒಂದು ಹನಿ ಉಳಿದಿದ್ದರೂ ಕಾವಿನಲ್ಲಿ ಅದು ಹಿತ್ತಾಳೆಯನ್ನು ತಿಂದು ಗುಂಡಿ ಮಾಡುತ್ತದೆ. ಬೆಳ್ಳಿ ಬೆಸುಗೆಯ ಜೋಡಣೆ ಇದ್ದರೆ ಚಿಂತೆಯಿಲ್ಲ, ಆ ಬೆಸುಗೆಗಳು ಸಾಮಾನ್ಯವಾಗಿ 600 ಡಿಗ್ರಿಗಿಂತ ಮೇಲೆಯೇ ಕರಗುತ್ತವೆ. ಆದರೂ ಆ ಭಾಗವನ್ನು ಕೆಂಪೇರಲು ಬಿಡಬಾರದು.

ಬಾಯಿಯ ಅಂಚನ್ನು ಒಳಗೆ ತಂತಿಯಿಟ್ಟು ಸುರುಳಿಯಾಗಿ ಮಡಚಿದ ಪಾತ್ರೆಗಳಲ್ಲಿ ಆ ಮಡಿಕೆಯೊಳಗೆ ನೀರು ನಿಂತಿರಬಹುದು. ಬೆಂಕಿ ತಾಗಿದ ಕ್ಷಣ ಅದು ಹಬೆಯಾಗಿ ಸಿಡಿದು ಕಣ್ಣಿಗೆ ಅಪಾಯ ತರುತ್ತದೆ. ಮೊದಲು ಬಿಸಿಲಿಗಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಮಡಿಕೆಯನ್ನು ಒಣಗಿಸಿಕೊಳ್ಳಬೇಕು. ಎಲ್ಲ ಕಡೆಯಿಂದ ಮುಚ್ಚಿದ ಪೊಳ್ಳು ವಸ್ತುವನ್ನಂತೂ ಸಣ್ಣ ರಂಧ್ರ ಕೊರೆಯದೆ ಕಾಯಿಸುವುದು ಸರ್ವಥಾ ಕೂಡದು.

ಹೊಸ ತಗಡಾದರೆ ಕತ್ತರಿಸಿದ ಅಂಚುಗಳನ್ನು ಅರದಿಂದ ನಯ ಮಾಡಿಕೊಳ್ಳಿ, ಎಣ್ಣೆ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆಯಿರಿ.

ಮೊದಲ ಹದ: ಮೆದು ಮಾಡುವ ಕಾವು

ಕೆಲಸದ ಜಾಗ ಮಬ್ಬಾಗಿರಬೇಕು, ಗಾಳಿಯೂ ಆಡುತ್ತಿರಬೇಕು. ಇವೆರಡರಲ್ಲಿ ಮಬ್ಬು ಬೆಳಕಿನ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಮ್ಮ ಕಡೆಯ ಬೇಸಿಗೆಯ ಬಯಲು ಬಿಸಿಲಿನಲ್ಲಿ 550 ಡಿಗ್ರಿಗೆ ಕಾದ ಹಿತ್ತಾಳೆಯಲ್ಲಿ ಕೆಂಪು ಎಂಬುದೇ ಕಾಣುವುದಿಲ್ಲ. ಬಿಸಿಲಿನಲ್ಲಿ ಕೆಂಪು ಕಂಡಿತು ಎನ್ನುವಷ್ಟರಲ್ಲಿ ಲೋಹ 700 ಡಿಗ್ರಿಯನ್ನು ದಾಟಿ ಹರಳುಗಳು ಬೆಳೆದುಬಿಟ್ಟಿರುತ್ತವೆ. 70ಕ್ಕೆ 30ರ ಹಿತ್ತಾಳೆ ಸುಮಾರು 915 ಡಿಗ್ರಿಯಲ್ಲಿ ಕರಗಲು ತೊಡಗುತ್ತದೆ, ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಬೆಳಕಿನಲ್ಲಿ ಕಣ್ಣಂದಾಜು ಮಾಡುವವನಿಗೂ ಪಾತ್ರೆ ಕುಸಿದು ಬೀಳುವುದಕ್ಕೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ. ಷೆಡ್ಡಿನ ಬಾಗಿಲನ್ನು ಅರ್ಧ ಮುಚ್ಚಿ, ಅಥವಾ ಸಂಜೆಯ ಹೊತ್ತಿಗೆ ಕೆಲಸ ಇಟ್ಟುಕೊಳ್ಳಿ. ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ, ಇದೆಯೋ ಇಲ್ಲವೋ ಎನ್ನುವಷ್ಟು ಕಪ್ಪುಗೆಂಪು ಕಂಡರೆ ಅದೇ ಮೇಲಿನ ಮಿತಿ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ನಿಗದಿತ ಉಷ್ಣತೆಯಲ್ಲಿ ಕರಗುವ ಬಳಪಗಳು ಸಿಗುತ್ತವೆ. 500 ಡಿಗ್ರಿಯ ಆಸುಪಾಸಿನ ಬಳಪವೊಂದನ್ನು ತಂದು, ಬೆಂಕಿ ನೇರವಾಗಿ ತಾಗದ ಮಗ್ಗುಲಲ್ಲಿ ಗೆರೆ ಎಳೆದುಕೊಂಡರೆ ಹೊಸಬರಿಗೆ ಅಂದಾಜಿನ ಅವಲಂಬನೆ ತಪ್ಪುತ್ತದೆ.

ಇದ್ದಿಲ ಒಲೆಯಾದರೆ, ತಿದಿ ಅಥವಾ ಬ್ಲೋವರ್ ಊದಿ ಕೆಂಡವನ್ನು ಚೆನ್ನಾಗಿ ಹೊತ್ತಿಸಿಕೊಂಡು, ಗಾಳಿ ನಿಲ್ಲಿಸಿ, ಕೆಂಡವನ್ನು ಹರಡಿ, ಅದರ ಮೇಲೆ ಪಾತ್ರೆಯನ್ನು ಇಡಬೇಕು. ಗಾಳಿ ಊದುತ್ತಿರುವಾಗಲೇ ಇಟ್ಟರೆ ಒಂದು ಚುಕ್ಕೆಯಷ್ಟು ಜಾಗ ಬೆಂದು ಉಳಿದದ್ದು ಹಸಿಯಾಗಿರುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕ ಇರುವುದರಿಂದ ಅದು ಹಿತ್ತಾಳೆಯ ಮೈಯನ್ನು ಕಲೆಗೆಡಿಸುತ್ತದೆ, ಕಟ್ಟಿಗೆಯ ಇದ್ದಿಲೇ ಉತ್ತಮ. ಗ್ಯಾಸ್ ಟಾರ್ಚ್ ಆದರೆ ಎಲ್‌ಪಿಜಿಯ ಅಗಲವಾದ, ಮೃದುವಾದ ಜ್ವಾಲೆ ಬೇಕು. ಆಕ್ಸಿ ಅಸಿಟಿಲಿನ್‌ನ ಸೂಜಿಯಂಥ ಜ್ವಾಲೆ ತೆಳು ತಗಡಿಗೆ ತಕ್ಕದ್ದಲ್ಲ. ವಸ್ತುವನ್ನು ಬೆಂಕಿ ಇಟ್ಟಿಗೆಯ ಮೇಲೆ, ತಗ್ಗು ಬೀಳದಂತೆ ಅಡಿಗೆ ಆಸರೆ ಕೊಟ್ಟು ಇಡಿ, ಕಾದ ತಗಡು ತನ್ನ ಭಾರಕ್ಕೇ ಬಾಗಬಲ್ಲದು.

ಮೊದಲ ಕೆಲವು ನಿಮಿಷಗಳ ಕಾವು ನಿಧಾನವಾಗಿರಬೇಕು. ಬಹಳ ಬಡಿಸಿಕೊಂಡ ಹಿತ್ತಾಳೆಯ ಮೇಲೆ ಏಕಾಏಕಿ ಜೋರು ಉರಿ ಬಿಟ್ಟರೆ, ಒಳಗಿನ ಬಿಗಿತ ಸಡಿಲುವ ಮೊದಲೇ ಮೈ ಹಿಗ್ಗಿ, ಬೆಂಕಿಯಲ್ಲೇ ಸೀಳು ಬಿಡುತ್ತದೆ. ಸೀಸ ಬೆರೆತ ಹಿತ್ತಾಳೆಯಲ್ಲಿ ಈ ಅಪಾಯ ಹೆಚ್ಚು. ಜ್ವಾಲೆಯನ್ನು ದೂರದಿಂದ ಸುತ್ತಲೂ ಆಡಿಸುತ್ತ ಇಡೀ ವಸ್ತುವನ್ನು ಸಮನಾಗಿ ಬಿಸಿಯಾಗಿಸಿ, ಆಮೇಲೆ ಹತ್ತಿರ ತನ್ನಿ. ದಪ್ಪ ಇರುವ ಕಡೆಯಿಂದ ತೊಡಗಿ ತೆಳು ಇರುವ ಕಡೆಗೆ ಸರಿಯಿರಿ. ಕಪ್ಪುಗೆಂಪು ಕಂಡ ಕೂಡಲೇ ಜ್ವಾಲೆಯನ್ನು ಮುಂದಿನ ಜಾಗಕ್ಕೆ ಸರಿಸಬೇಕು, ಒಂದು ಜಾಗದಲ್ಲಿ ನಿಲ್ಲಿಸಿಕೊಂಡು ಕೂರುವ ಅಗತ್ಯವಿಲ್ಲ. ಬಿಳಿ ಹೊಗೆ ಎದ್ದರೆ ಸತು ಲೋಹವನ್ನು ಬಿಟ್ಟು ಹೋಗುತ್ತಿದೆ ಎಂದರ್ಥ. ಕೂಡಲೇ ಉರಿ ತೆಗೆದು ಹೊರಗೆ ಬನ್ನಿ. ಸತುವಿನ ಹೊಗೆ ಸೇವಿಸಿದವರಿಗೆ ಕೆಲವು ತಾಸುಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ನೆಚ್ಚಬಾರದು, ಗಾಳಿ ಆಡುವ ಜಾಗವೇ ನಿಜವಾದ ರಕ್ಷಣೆ.

ಕಾದ ಹಿತ್ತಾಳೆಯನ್ನು ಬಡಿಯಬಾರದು, ಇಕ್ಕಳದಿಂದ ಬಿಗಿಯಾಗಿ ಹಿಡಿದು ಎತ್ತಲೂ ಬಾರದು. ಕಬ್ಬಿಣದ ಕೆಲಸ ಮಾಡಿ ರೂಢಿಯಿದ್ದವರ ಕೈ ಇಲ್ಲಿ ತಾನಾಗಿಯೇ ಸುತ್ತಿಗೆಯ ಕಡೆ ಹೋಗುತ್ತದೆ, ಆದರೆ ಹಿತ್ತಾಳೆಗೆ ನಡುಕಾವಿನಲ್ಲಿ ಪೆಡಸುತನ ಹೆಚ್ಚು. ಕೆಂಪು ಪೂರ್ತಿ ಆರುವವರೆಗೆ ಅದನ್ನು ಇದ್ದಲ್ಲೇ ಬಿಡಿ. ಅನಂತರ ನೀರಿಗೆ ಅದ್ದಬಹುದು, ಗಾಳಿಯಲ್ಲೇ ಆರಲೂ ಬಿಡಬಹುದು. ಉಕ್ಕಿನ ಹಾಗೆ ಹಿತ್ತಾಳೆ ನೀರಿಗದ್ದಿದರೆ ಗಟ್ಟಿಯಾಗುವುದಿಲ್ಲ. ಆರಿಸುವ ವೇಗಕ್ಕೂ ಮೆದುತನಕ್ಕೂ ತಗಡಿನ ಹಿತ್ತಾಳೆಯಲ್ಲಿ ಸಂಬಂಧವಿಲ್ಲ. ನೀರಿನಿಂದ ಸಮಯ ಉಳಿಯುತ್ತದೆ, ಮೈಮೇಲಿನ ಕಪ್ಪು ಸ್ವಲ್ಪ ಉದುರುತ್ತದೆ, ಅಷ್ಟೇ. ಅಗಲವಾದ ಪರಾತವಾಗಲಿ, ದಪ್ಪ ಮತ್ತು ತೆಳು ಭಾಗಗಳು ಕೂಡಿದ ಪಾತ್ರೆಯಾಗಲಿ ಇದ್ದರೆ ನೀರಿನಲ್ಲಿ ಸೊಟ್ಟಗಾಗುವ ಸಂಭವವಿರುವುದರಿಂದ ಗಾಳಿಯಲ್ಲಿ ಆರಿಸುವುದನ್ನೇ ನಾನು ಒಪ್ಪುತ್ತೇನೆ.

ಮೈ ಶುದ್ಧಿ

ಕಾಯಿಸಿದ ಹಿತ್ತಾಳೆಯ ಮೈಮೇಲೆ ಕಪ್ಪು ಪೊರೆ ಕಟ್ಟಿರುತ್ತದೆ. ಅದನ್ನು ತೆಗೆಯದೆ ಬಡಿದರೆ ಪೊರೆ ಲೋಹದೊಳಗೆ ಕೂತುಬಿಡುತ್ತದೆ. ಮನೆಯಲ್ಲಿ ಮಾಡುವವರಿಗೆ ಹುಣಸೆ ಹಣ್ಣು ಮತ್ತು ಉಪ್ಪು, ಅಥವಾ ಒಂದು ಲೀಟರ್ ಬಿಸಿ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಸಾಕು. ತುಸು ಹೊತ್ತು ಹೆಚ್ಚು ಬೇಕು ಅಷ್ಟೇ. ಗಂಧಕಾಮ್ಲ ಬಳಸುವುದಾದರೆ ಬ್ಯಾಟರಿ ಅಂಗಡಿಯ ಆಮ್ಲದ ಒಂದು ಪಾಲನ್ನು ಮೂರು ಪಾಲು ನೀರಿಗೆ ನಿಧಾನವಾಗಿ ಸುರಿಯಬೇಕು, ಆಮ್ಲಕ್ಕೆ ನೀರನ್ನು ಎಂದೂ ಸುರಿಯಬಾರದು. ಕಾದ ಪಾತ್ರೆಯನ್ನು ನೇರವಾಗಿ ಆಮ್ಲಕ್ಕೆ ಅದ್ದುವ ಪದ್ಧತಿ ಬೇಡವೇ ಬೇಡ. ಸಿಡಿದ ಹನಿ ಕಣ್ಣು ಕಳೆಯಬಲ್ಲದು, ಎದ್ದ ಹಬೆ ಎದೆಗೆ ಇಳಿಯುತ್ತದೆ. ಆಮ್ಲದ ತೊಟ್ಟಿಯಲ್ಲಿ ಕಬ್ಬಿಣದ ಇಕ್ಕಳ, ತಂತಿ, ಮೊಳೆ ಯಾವುದೂ ಇರಬಾರದು, ಇದ್ದರೆ ನೀರಿನಲ್ಲಿ ಕರಗಿದ ತಾಮ್ರ ಪಾತ್ರೆಯ ಮೇಲೆ ಕೂತು ಹಳದಿ ಮೈ ಗುಲಾಬಿಗೆ ತಿರುಗುತ್ತದೆ. ತೊಳೆದ ನೀರನ್ನು ವಾಷಿಂಗ್ ಸೋಡಾ ಹಾಕಿ, ನೊರೆ ನಿಲ್ಲುವವರೆಗೆ ಆಮ್ಲ ಕಳೆದು, ಅಡಿಯ ಗಸಿಯನ್ನು ಬೇರೆ ತೆಗೆದಿಡಿ. ಅದರಲ್ಲಿ ತಾಮ್ರ ಇರುವುದರಿಂದ ಬಾವಿಯ ಹತ್ತಿರ, ಹಿತ್ತಲ ಗಿಡಗಳಿಗೆ ಸುರಿಯುವುದು ತಕ್ಕದ್ದಲ್ಲ.

ಕಂಠಕ್ಕೆ ಮಾತ್ರ ಕಾವು ಬೇಕಾದಾಗ

ಕೊಡದ ಕಂಠ ನೆಗ್ಗಿದೆ, ಹೊಟ್ಟೆ ಮತ್ತು ತಳ ಚೆನ್ನಾಗಿವೆ ಎಂದಿಟ್ಟುಕೊಳ್ಳೋಣ. ಇಡೀ ಕೊಡವನ್ನು ಮೆದು ಮಾಡಿದರೆ ನೀರು ತುಂಬಿ ಸೊಂಟಕ್ಕೆ ಎತ್ತಿದ ಮೊದಲ ದಿನವೇ ಹೊಟ್ಟೆಯಲ್ಲಿ ಹೊಸ ನೆಗ್ಗು ಬೀಳುತ್ತದೆ. ಬಡಿತದಿಂದ ಬಂದ ಗಟ್ಟಿತನವೇ ಪಾತ್ರೆಯ ಬಲ, ಅದನ್ನು ಬೇಕಾದ ಕಡೆ ಉಳಿಸಿಕೊಳ್ಳಬೇಕು.

ಈ ವಿಷಯದಲ್ಲಿ ರೈಫಲ್ ಕಾಡತೂಸಿನ ಹಿತ್ತಾಳೆ ಕವಚವನ್ನು ಮರುಬಳಕೆಗೆ ಸಿದ್ಧಪಡಿಸುವ ವಿದೇಶಗಳ ಗುರಿಕಾರರ ಪದ್ಧತಿ ತುಂಬ ಸ್ಪಷ್ಟವಾಗಿದೆ. ಗುಂಡು ಹಾರಿದಾಗ ಕವಚದ ಕತ್ತು ಹಿಗ್ಗುತ್ತದೆ, ಅದನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಕಿರಿದು ಮಾಡುತ್ತಾರೆ; ಈ ಹಿಗ್ಗು ಕುಗ್ಗುಗಳಿಂದ ಕತ್ತು ಗಟ್ಟಿಯಾಗಿ ಸೀಳುತ್ತದೆ. ಆದ್ದರಿಂದ ಕತ್ತು ಮತ್ತು ಭುಜವನ್ನು ಮಾತ್ರ ಕೆಲವು ಸೆಕೆಂಡು ಕಾಯಿಸಿ ಮೆದು ಮಾಡುತ್ತಾರೆ. ಬುಡವನ್ನು ಮಾತ್ರ ಎಂದಿಗೂ ಮೆದುವಾಗಲು ಬಿಡುವುದಿಲ್ಲ, ಏಕೆಂದರೆ 3,000 ಬಾರ್‌ಗೂ ಮೀರಿದ ಒತ್ತಡವನ್ನು ತಡೆಯಬೇಕಾದದ್ದು ಆ ಬುಡ. ಅದು ಮೆದುವಾದರೆ ಬಂದೂಕು ಹಿಡಿದವನ ಮುಖದ ಹತ್ತಿರವೇ ಒಡೆಯುತ್ತದೆ. ಬುಡವನ್ನು ನೀರಿನಲ್ಲಿ ನಿಲ್ಲಿಸಿ ಕತ್ತಿಗೆ ಜ್ವಾಲೆ ಹಿಡಿಯುವುದು ಅವರ ಹಳೆಯ ಕ್ರಮಗಳಲ್ಲೊಂದು. ಸೈನ್ಯದ ಕಾಡತೂಸುಗಳ ಕತ್ತಿನಲ್ಲಿ ಈ ಕಾವಿನ ಬಣ್ಣವನ್ನು ಉಜ್ಜದೆ ಹಾಗೆಯೇ ಬಿಟ್ಟಿರುವುದನ್ನು ನೋಡಬಹುದು. ನಮ್ಮಲ್ಲಿ ಕಾಡತೂಸಿನ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಗೆ ಒಳಪಟ್ಟದ್ದು, ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ನಮಗೆ ಬೇಕಾದದ್ದು ಅದರ ಹಿಂದಿನ ತಿಳಿವಳಿಕೆ.

ಕೊಡಕ್ಕೂ ಅದನ್ನೇ ಮಾಡಿ. ಭುಜದ ಕೆಳಗಿನವರೆಗೆ ನೀರು ತುಂಬಿ, ಬಾಯಿ ತೆರೆದೇ ಇಟ್ಟು, ಕಂಠಕ್ಕೆ ಮಾತ್ರ ಜ್ವಾಲೆ ಆಡಿಸಬೇಕು. ನೀರು ಇರುವವರೆಗೆ ಹೊಟ್ಟೆಯ ಲೋಹ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ, ಅಲ್ಲಿ ಮೆದುತನ ಬರುವ ಪ್ರಶ್ನೆಯೇ ಇಲ್ಲ. ಕಂಠದಿಂದ ನೀರಿನ ಮಟ್ಟದವರೆಗೆ ಕಾವು ತಾನಾಗಿ ಇಳಿಜಾರಾಗುವಂತೆ ಎರಡು ಮೂರು ಬೆರಳಿನಷ್ಟು ಅಂತರ ಬಿಡಿ. ಮೆದು ಭಾಗ ಮತ್ತು ಗಟ್ಟಿ ಭಾಗಗಳ ಗಡಿ ಒಂದೇ ಗೆರೆಯಲ್ಲಿ ಬಿದ್ದರೆ ಮುಂದೆ ಆ ಗೆರೆಯಲ್ಲೇ ಮಡಿಕೆ ಬೀಳುತ್ತದೆ. ಆರಿದ ಮೇಲೆ ಒಳಗೆ ತಕ್ಕ ಆಕಾರದ ಅಡಿಗಲ್ಲು ಕೊಟ್ಟು, ಹೊರಗಿನಿಂದ ಮರದ ಕೊಡತಿಯಿಂದ ನೆಗ್ಗನ್ನು ಅಂಚಿನಿಂದ ನಡುವಿಗೆ ತಿದ್ದುತ್ತ ಬನ್ನಿ. ಕೊನೆಯ ಸುತ್ತಿನಲ್ಲಿ ನುಣುಪು ಮುಖದ ಕಬ್ಬಿಣದ ಸುತ್ತಿಗೆಯಿಂದ ಹಗುರವಾಗಿ, ಒತ್ತೊತ್ತಾಗಿ ತಟ್ಟಿದರೆ ಕಂಠಕ್ಕೆ ಬೇಕಾದ ಗಟ್ಟಿತನ ಮರಳಿ ಬರುತ್ತದೆ.

ಕೊನೆಯ ಹದ: ಬಿಗಿತ ಸಡಿಲಿಸುವ ಕಾವು

ಬಡಿದು ಮುಗಿಸಿದ ಪಾತ್ರೆ ಹೊರಗೆ ಶಾಂತವಾಗಿ ಕಂಡರೂ ಒಳಗೆ ಒಂದು ಪದರ ಎಳೆಯುತ್ತಿರುತ್ತದೆ, ಇನ್ನೊಂದು ತಳ್ಳುತ್ತಿರುತ್ತದೆ. ಈ ಬಿಗಿತವಿರುವ ಹಿತ್ತಾಳೆಗೆ ತೇವ ಮತ್ತು ಅಮೋನಿಯಾ ಎರಡೂ ಒಟ್ಟಿಗೆ ತಾಗಿದರೆ ಹರಳುಗಳ ಗಡಿಗುಂಟ ಸೀಳು ಹೊರಡುತ್ತದೆ. ಇದನ್ನು ಜಗತ್ತು ಕಲಿತದ್ದು ನಮ್ಮ ದೇಶದ ಮಳೆಗಾಲದಲ್ಲಿ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದ ತಿಂಗಳುಗಳಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕವಚಗಳು ಬಿರುಕು ಬಿಟ್ಟಿರುತ್ತಿದ್ದವು. ಕುದುರೆಯ ಮೂತ್ರದಿಂದ ಎದ್ದ ಅಮೋನಿಯಾ, ಮಳೆಗಾಲದ ತೇವ, ತಯಾರಿಕೆಯಲ್ಲಿ ಉಳಿದ ಬಿಗಿತ, ಈ ಮೂರೂ ಕೂಡಿ ಹೀಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ವಿವರಿಸಿದರು. ಮೂರರಲ್ಲಿ ಒಂದನ್ನು ತೆಗೆದರೂ ಸೀಳು ನಿಲ್ಲುತ್ತದೆ, ಮತ್ತು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇರುವುದು ಬಿಗಿತವೊಂದೇ.

ನಮ್ಮ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಇದರ ಅಪಾಯ ಸಣ್ಣದಲ್ಲ. ಹಾನಗಲ್ಲ, ಶಿಗ್ಗಾಂವಿ ಕಡೆಯ ಮನೆಗಳಲ್ಲಿ ದನದ ಕೊಟ್ಟಿಗೆಯ ಅಟ್ಟದ ಮೇಲೆ ಹಿತ್ತಾಳೆಯ ಬಾಂಡೆಗಳನ್ನು ಕಟ್ಟಿಡುತ್ತಾರೆ. ಎಲ್ಲಿಯೂ ಜಾಗವಿಲ್ಲದಿದ್ದರೆ ಯೂರಿಯಾ ಚೀಲಗಳ ಪಕ್ಕದಲ್ಲಿ ಇಡುತ್ತಾರೆ. ದನದ ಗಂಜಲದಿಂದಲೂ, ತೇವ ತಗುಲಿ ಒಡೆದ ಯೂರಿಯಾದಿಂದಲೂ ಹೊರಡುವುದು ಅದೇ ಅಮೋನಿಯಾ.

ಬಿಗಿತ ಸಡಿಲಿಸಲು 250 ಡಿಗ್ರಿಯಲ್ಲಿ ಒಂದು ತಾಸು ಸಾಕು. ತಂಬಿಗೆ, ಬಟ್ಟಲುಗಳಂಥ ಸಣ್ಣ ವಸ್ತುಗಳಾದರೆ ಮನೆಯ ವಿದ್ಯುತ್ ಓವನ್ನಿನ ಅತಿ ಹೆಚ್ಚಿನ ಕಾವೇ ಸಾಮಾನ್ಯವಾಗಿ 250 ಡಿಗ್ರಿ, ಅದರಲ್ಲಿ ಇಟ್ಟರಾಯಿತು. ಓವನ್ ಇಲ್ಲದವರು ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಚೆನ್ನಾಗಿ ಒಣಗಿಸಿದ ಮರಳನ್ನು ತುಂಬಿ, ಅದರಲ್ಲಿ ಪಾತ್ರೆಯನ್ನು ಹೂತು, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾವೇರಿಸಬಹುದು. ಮರಳಿನ ನಡುವೆ ಕಾವು ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಕಡ್ಡಿಯೊಂದನ್ನು ಚುಚ್ಚಿ ಮಲ್ಟಿಮೀಟರಿನಲ್ಲಿ ಅಂಕಿ ನೋಡಿಕೊಳ್ಳುವುದು ಉತ್ತಮ. ಕೊಡ, ಹಂಡೆಗಳಿಗೆ ತಗಡಿನ ಹಳೆಯ ಡ್ರಮ್ಮಿನೊಳಗೆ ಇಟ್ಟಿಗೆ ಜೋಡಿಸಿ, ಕೆಳಗೆ ಇದ್ದಿಲ ಸಣ್ಣ ಕೆಂಡ ಇಟ್ಟು ಮಾಡಿದ ಗೂಡು ಬೇಕಾಗುತ್ತದೆ.

ಅಳೆಯುವ ಸಲಕರಣೆ ಇಲ್ಲದ ಗೂಡಿನಲ್ಲಿ ಕಲಾಯಿಯ ತವರವೇ ಸಾಕ್ಷಿಯಾಗಬಲ್ಲದು. ಕಬ್ಬಿಣದ ಸಣ್ಣ ತಗಡಿನ ಮೇಲೆ ಶುದ್ಧ ತವರದ ಒಂದು ಚೂರನ್ನೂ, ಸೀಸದ ಒಂದು ಚೂರನ್ನೂ ಬೇರೆ ಬೇರೆಯಾಗಿ ಇಟ್ಟು, ಪಾತ್ರೆಗೆ ತಾಗದ ಹಾಗೆ ಅದರ ಪಕ್ಕದಲ್ಲಿ ನಿಲ್ಲಿಸಿ. ತವರ ಕರಗಿದರೆ 232 ಡಿಗ್ರಿ ದಾಟಿದೆ. ಸೀಸ ಕರಗದೆ ಉಳಿದಿದ್ದರೆ 327 ಡಿಗ್ರಿ ದಾಟಿಲ್ಲ. ತವರ ಕರಗಿದ ಕೂಡಲೇ ಕೆಂಡವನ್ನು ಕಡಿಮೆ ಮಾಡಿ ಅದೇ ಮಟ್ಟದಲ್ಲಿ ಹಿಡಿಯಬೇಕು, ಸೀಸ ಕರಗುವ ಹತ್ತಿರಕ್ಕೂ ಹೋಗಬಾರದು, ಅಲ್ಲಿಂದ ಮುಂದೆ ಗಟ್ಟಿತನವೇ ಇಳಿಯತೊಡಗುತ್ತದೆ. ಬೆಸುಗೆಯ ತಂತಿಯನ್ನು ತವರವೆಂದು ಬಳಸಬೇಡಿ, ಸೀಸ ಬೆರೆತ ಅದು 190 ಡಿಗ್ರಿಯೊಳಗೇ ಕರಗಿ ತಪ್ಪು ಸೂಚನೆ ಕೊಡುತ್ತದೆ. ಅಡುಗೆಗೆ ಬಳಸುವ ಓವನ್ನಿನೊಳಗೆ ಸೀಸವನ್ನು ಇಡಲೇಬಾರದು.

ಈ ಕಾವು ಕಲಾಯಿಗಿಂತ ಮೊದಲು ಆಗಬೇಕು. ಕಲಾಯಿ ಹಾಕುವಾಗ ಪಾತ್ರೆ ಹೇಗೂ ಬಿಸಿಯಾಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಬಿಸಿ ಕೆಲವೇ ನಿಮಿಷಗಳದ್ದು, ಪಾತ್ರೆಯ ಎಲ್ಲ ಕಡೆ ಸಮನಾಗಿಯೂ ಇರುವುದಿಲ್ಲ, ಆದ್ದರಿಂದ ಅದನ್ನು ನೆಚ್ಚುವಂತಿಲ್ಲ. ಕಲಾಯಿ ಆದ ಮೇಲೆ ಮಾಡಹೊರಟರೆ ಹಾಕಿದ ತವರ ಮತ್ತೆ ಕರಗುತ್ತದೆ. ಕಲಾಯಿಗೆ ಬಳಸುವ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಅದರ ಪುಡಿ ಮಡಿಕೆಗಳಲ್ಲಿ, ಹಿಡಿಕೆಯ ಸಂದಿನಲ್ಲಿ ಉಳಿದು ತೇವ ಹಿಡಿದರೆ ಅಮೋನಿಯಾದ ಮೂಲವನ್ನು ನಾವೇ ಪಾತ್ರೆಗೆ ಅಂಟಿಸಿಟ್ಟ ಹಾಗಾಗುತ್ತದೆ. ಕಲಾಯಿ ಆರಿದ ಕೂಡಲೇ ಬಿಸಿ ನೀರಿನಿಂದ ಎರಡು ಮೂರು ಬಾರಿ ತೊಳೆದು, ಅಂಚಿನ ಮಡಿಕೆಯಲ್ಲಿ ನೀರು ಉಳಿಯದಂತೆ ಬಿಸಿಲಿಗೆ ಬೋರಲು ಹಾಕಿ ಒಣಗಿಸಿ. ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳಿಂದ ಹಿತ್ತಾಳೆಯನ್ನು ಹೊಳಪು ಮಾಡುವುದನ್ನು ಬಿಟ್ಟುಬಿಡಿ. ಪ್ರಯೋಗಶಾಲೆಗಳಲ್ಲಿ ಬಿಗಿತ ಉಳಿದಿದೆಯೇ ಎಂದು ಪಾದರಸದ ಲವಣದ ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅದು ಕಡುವಿಷ, ಮನೆಯಲ್ಲಿಯಾಗಲಿ ಸಣ್ಣ ವರ್ಕ್‌ಶಾಪಿನಲ್ಲಿಯಾಗಲಿ ಮಾಡುವಂಥದ್ದಲ್ಲ.

ಪಾತ್ರೆಯನ್ನು ಕೊಟ್ಟಿಗೆ ಮತ್ತು ಗೊಬ್ಬರದ ಚೀಲಗಳಿಂದ ದೂರವಾದ ಒಣ ಜಾಗದಲ್ಲಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಕಂಠದ ತಿರುವು, ತಳದ ಅಂಚು, ಹಿಡಿಕೆಯ ಬುಡಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು, ಸೀಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಕೂದಲೆಳೆಯಂಥ ಗೆರೆ ಕಂಡರೆ ಅದರ ಎರಡೂ ತುದಿಗಳನ್ನು ಗುರುತಿಸಿ, ಒಂದೊಂದು ತುದಿಗೂ 2 ಮಿಲಿಮೀಟರಿನ ರಂಧ್ರ ಕೊರೆದು ಓಟವನ್ನು ನಿಲ್ಲಿಸಿ. ಕಲಾಯಿ ತೆಗೆದು ಬೆಳ್ಳಿ ಬೆಸುಗೆ ತುಂಬಿ. ಆಮೇಲೆ ಇಡೀ ಪಾತ್ರೆಗೆ ಇನ್ನೊಮ್ಮೆ 250 ಡಿಗ್ರಿಯ ಕಾವು ಕೊಟ್ಟು, ಹೊಸ ಕಲಾಯಿ ಹಾಕಿಸಿ.